ಹಸಿರು ಖಣ, ಒಂದು ಮೊರ ಜೋಳ

ಮಲ್ಲಾಬಾಯಿಯ ಎಡಗೈ ಕಿರುಬೆರಳು ಮಡಚುವುದಿಲ್ಲ. ಉಳಿದ ಬೆರಳುಗಳು ಮೊರದಲ್ಲಿ ಜೋಳ ಆರಿಸಲು ಬಾಗಿದಾಗ ಅದೊಂದು ಸೆಟೆದು ನಿಂತಿರುತ್ತದೆ. ಶಹಾಪುರದ ಆ ಸಣ್ಣ ಆಸ್ಪತ್ರೆಯ ಪಡಸಾಲೆಗೆ ಹೊಸದಾಗಿ ಬಂದು ಕೂತ ಗಂಡ ಹೆಂಡಿರು ಮೊದಲು ನೋಡುವುದು ಆ ಬೆರಳನ್ನೇ. ಯಾರಾದರೂ ಕೇಳಿದರೆ, “ನನ್ನ ತಪ್ಪಿಗೇ ಮುರದದ,” ಎಂದು ಶುರು ಮಾಡಿ ಆಕೆ ಪೂರ್ತಿ ಹೇಳುತ್ತಾಳೆ. ಕೇಳದವರಿಗೂ ಹೇಳುತ್ತಾಳೆ. ಅದು ಆಕೆಯ ಕೆಲಸದ ಒಂದು ಭಾಗ.

ಮಲ್ಲಾಬಾಯಿ ಹುಟ್ಟಿದ್ದು ಯಾದಗಿರಿ ಹತ್ತಿರದ ರಾಮಸಮುದ್ರದಲ್ಲಿ. ಕೊಟ್ಟದ್ದು ಗೋಗಿಗೆ, ಚಂದ್ರಾಮಪ್ಪ ಎಂಬವನಿಗೆ. ಕೃಷ್ಣೆಯ ನೀರು ತರುವ ಕಾಲುವೆಯನ್ನು ಆಗ ಆ ಸೀಮೆಯಲ್ಲಿ ಅಗೆಯುತ್ತಿದ್ದರು. ಗಂಡ ಗುದ್ದಲಿ ಹಿಡಿಯುತ್ತಿದ್ದ, ಈಕೆ ಮಣ್ಣಿನ ಬುಟ್ಟಿ ಹೊರುತ್ತಿದ್ದಳು. ಜೊತೆಯಲ್ಲಿ ಬುಟ್ಟಿ ಹೊತ್ತ ಹೆಂಗಸರು ಒಬ್ಬೊಬ್ಬರಾಗಿ ಬಸುರಾಗಿ, ಹಡೆದು, ಜಾಲಿಯ ಟೊಂಗೆಗೆ ಜೋಳಿಗೆ ಕಟ್ಟಿ ಕೂಸು ಮಲಗಿಸಿ, ಮತ್ತೆ ಬುಟ್ಟಿ ಹಿಡಿದರು. ಮಲ್ಲಾಬಾಯಿಯ ಬುಟ್ಟಿ ಏಳು ವರ್ಷ ಒಂದು ದಿನವೂ ನಿಲ್ಲಲಿಲ್ಲ.

ಮೊದಲ ಎರಡು ವರ್ಷ ಅತ್ತೆಯ ಮಾತಿನಲ್ಲಿ ಹೋಯಿತು. ಮೂರನೆಯ ವರ್ಷದಿಂದ ಗಂಡನ ಕೈ ಬಂತು, ನಾಲ್ಕನೆಯ ವರ್ಷದಿಂದ ಗುದ್ದಲಿಯ ಹಿಡಿಕೆ. ಹೊಕ್ಕಳ ಕೆಳಗೆ ಬರೆ ಹಾಕಿದರೆ ಗರ್ಭ ಬಾಯಿ ತೆರೆಯುತ್ತದೆ ಎಂದು ಯಾರೋ ಹೇಳಿದರು. ಅತ್ತೆ ಕಾಲ ಮೇಲೆ ಕೂತಳು. ಚಂದ್ರಾಮಪ್ಪ ಒಲೆಯಲ್ಲಿ ಕೆಂಪಾದ ಕುಡುಗೋಲು ತಂದು ಮೂರು ಗೆರೆ ಎಳೆದ. ಅವನ ಕೈ ಒಂದಿಷ್ಟೂ ನಡುಗಲಿಲ್ಲ ಎಂಬುದನ್ನು ಆಕೆ ಇಂದಿಗೂ ಹೇಳುತ್ತಾಳೆ. ಗಾಯ ಒಣಗುವುದರೊಳಗೆ ಅವನು ಇನ್ನೊಬ್ಬಳನ್ನು ಮದುವೆಯಾಗಿ ಕರೆತಂದ.

ಎರಡು ವರ್ಷಕ್ಕೆ ಆ ಸವತಿಯ ಹೊಟ್ಟೆಯೂ ತುಂಬಲಿಲ್ಲ. ಮತ್ತೆ ಒಲೆಯಲ್ಲಿ ಕುಡುಗೋಲು ಇಟ್ಟರು. ಅತ್ತೆಗೆ ಅಷ್ಟು ಹೊತ್ತಿಗೆ ಸೊಂಟ ಬಿದ್ದಿತ್ತು. ಕಾಲು ಹಿಡಿ ಎಂದು ಮಲ್ಲಾಬಾಯಿಗೆ ಹೇಳಿದರು. ಆಕೆ ಹಿಡಿದಳು. ಬಿಟ್ಟರೆ ತನಗೂ ಬೀಳುತ್ತದೆ ಎಂಬ ಅಂಜಿಕೆಗೆ, ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. ಸವತಿಯ ಹಿಮ್ಮಡಿ ಆಕೆಯ ಎದೆಗೆ ಮತ್ತೆ ಮತ್ತೆ ಬಡಿಯಿತು.

ಮರುದಿನ ಬೆಳಿಗ್ಗೆ ಕೆಲಸಕ್ಕೆಂದು ಹೊರಟವಳು ಬುಟ್ಟಿಯನ್ನು ದಂಡೆಯ ಮೇಲೆ ಬೋರಲು ಹಾಕಿ ಕಾಲುವೆಯ ಒಳಗೆ ಇಳಿದಳು. ಇನ್ನೂ ನೀರು ಬಿಟ್ಟಿರಲಿಲ್ಲ. ಎರಡೂ ಕಡೆ ಆಳಿಗಿಂತ ಎತ್ತರ ಮಣ್ಣು, ಮೇಲಿನಿಂದ ಬಗ್ಗಿ ನೋಡಿದರೆ ಮಾತ್ರ ಕಾಣಬೇಕು. ತಾನೇ ಮಣ್ಣು ಹೊತ್ತು ಮಾಡಿದ ಹಾದಿಯಲ್ಲಿ ಮಧ್ಯಾಹ್ನದವರೆಗೆ ನಡೆದು ಶಹಾಪುರ ಸೇರಿದಳು. ಮುಂದಿನ ವರ್ಷ ಕಾಲುವೆಗೆ ನೀರು ಬಂತು. ಅದರ ಮುಂದಿನ ವರ್ಷ ಸವತಿಯ ಹೆಣ ಒಂದು ಗೇಟಿಗೆ ಬಂದು ತಡೆಯಿತು. ಬಿದ್ದಳೋ, ದಬ್ಬಿದರೋ ಎಂದು ಯಾರೂ ವಿಚಾರಿಸಲಿಲ್ಲ. ಚಂದ್ರಾಮಪ್ಪ ಮೂರನೆಯ ಮದುವೆಯಾದ ಎಂಬ ಸುದ್ದಿ ಮಾತ್ರ ಬಂತು. ಅವನ ಪರೀಕ್ಷೆ ಮಾಡಿಸಬೇಕೆಂದು ಮೂರು ಮದುವೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಶಹಾಪುರದಲ್ಲಿ ಆಕೆ ಹೋಟೆಲಿನ ಪಾತ್ರೆ ತಿಕ್ಕಿದಳು, ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡಿದಳು. ಕಲಬುರಗಿ ಕಡೆಯ ಒಬ್ಬ ಡಾಕ್ಟರಮ್ಮ ಊರಿಗೆ ಬಂದು ಆಸ್ಪತ್ರೆ ತೆರೆದಾಗ ಆಯಾ ಆಗಿ ಸೇರಿದಳು. ಮಕ್ಕಳಾಗದವರಿಗೆ ಡಾಕ್ಟರಮ್ಮ ಗುರುವಾರವನ್ನು ಮೀಸಲಿಟ್ಟಿದ್ದರು. ಆ ಚಿಕಿತ್ಸೆಯಲ್ಲಿ ಔಷಧಿಗಿಂತ ಕಾಯುವುದೇ ಹೆಚ್ಚು. ತಿಂಗಳ ಇಂಥ ದಿನ ರಕ್ತ, ಇಂಥ ದಿನ ಸ್ಕ್ಯಾನಿಂಗ್, ಮೂರು ತಿಂಗಳು ಗುಳಿಗೆ, ಆಮೇಲೆ ನೋಡೋಣ. ಆ ಮೂರು ತಿಂಗಳಲ್ಲಿ ಹೆಂಗಸರು ಮನೆಯಲ್ಲಿ ಏಟು ತಿನ್ನುತ್ತಿದ್ದರು. ಇಪ್ಪತ್ತು ಜನ ಶುರು ಮಾಡಿದರೆ ಕಡೆಯ ತನಕ ಬರುತ್ತಿದ್ದವರು ಏಳೆಂಟು. ಉಳಿದವರಲ್ಲಿ ಒಬ್ಬಳು ಬೆಳೆಗೆ ಹೊಡೆಯುವ ಎಣ್ಣೆ ಕುಡಿದಳು, ಇನ್ನೊಬ್ಬಳನ್ನು ತವರಿಗೆ ಅಟ್ಟಿದರು. ಪಡಸಾಲೆಯಲ್ಲೇ ಗಂಡ ಹೆಂಡತಿಯ ಕೂದಲು ಹಿಡಿದು ಗೋಡೆಗೆ ಬಡಿದ ದಿನವೂ ಇತ್ತು. ಆ ಗೋಡೆಯನ್ನು ಉಜ್ಜಿ ತೊಳೆದವಳು ಮಲ್ಲಾಬಾಯಿ.

ಮುಂದಿನ ಗುರುವಾರ ಆಕೆ ಮನೆಯಿಂದ ತನ್ನ ವಾರದ ಜೋಳವನ್ನೂ ಎರಡು ಮೊರವನ್ನೂ ತಂದಳು. ಗಂಡ ಹೆಂಡತಿಯನ್ನು ಒಂದೇ ಬೆಂಚಿನಲ್ಲಿ ಕೂರಿಸಿ ನಡುವೆ ಮೊರ ಇಟ್ಟು, ಇಬ್ಬರೂ ಕೂಡಿ ಕಲ್ಲು ಹರಳು ಆರಿಸಿರಿ ಎಂದಳು. ಕೈಗೆ ಕೆಲಸವಿದ್ದರೆ ಕೈ ಮೇಲೇಳುವುದಿಲ್ಲ ಎಂಬುದಷ್ಟೇ ಆಕೆಯ ಲೆಕ್ಕ. ಆದರೆ ಕಣ್ಣು ಕಾಳಿನ ಮೇಲಿದ್ದಾಗ ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ, ಆಗ ಮನೆಯಲ್ಲಿ ಬಾರದ ಮಾತು ಬರುತ್ತದೆ ಎಂಬುದು ಎರಡು ಮೂರು ಗುರುವಾರದಲ್ಲಿ ಕಂಡುಬಂತು. ಬಾಗಿಲ ಹೊರಗೆ ಬೀಡಿ ಸೇದುತ್ತ ನಿಲ್ಲುತ್ತಿದ್ದ ಗಂಡಸರು ಒಳಗೆ ಕೂತು, ತಲೆ ತಗ್ಗಿಸಿ, ತಮಗೆ ಏನು ಅಂಜಿಕೆ ಎಂದು ಹೇಳತೊಡಗಿದರು. ಮಲ್ಲಾಬಾಯಿ ಎದುರಿನ ಚಾಪೆಯ ಮೇಲೆ ಕೂತು ಕೇಳುತ್ತಿದ್ದಳು.

ಡಾಕ್ಟರಮ್ಮ ಆಕೆಯನ್ನು ಹತ್ತು ದಿನದ ತರಬೇತಿಗೆ ಕಲಬುರಗಿಗೆ ಕಳಿಸಿದರು. ಅಲ್ಲಿ ಕಲಿಸಿದ್ದರಲ್ಲಿ ಎರಡು ಮಾತು ಆಕೆಯ ತಲೆಯಲ್ಲಿ ಕೂತವು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೋಗಬಾರದು. ಕೂಸು ಆಗುತ್ತದೆ ಎಂದೂ ಹೇಳಬಾರದು, ಆಗುವುದಿಲ್ಲ ಎಂದೂ ಹೇಳಬಾರದು.

ತರಬೇತಿಯಲ್ಲಿ ಯಾರೂ ಕಲಿಸದ ಇನ್ನೊಂದನ್ನು ಆಕೆ ತಾನಾಗಿ ಸೇರಿಸಿಕೊಂಡಳು. ಆ ಸೀಮೆಯಲ್ಲಿ ಮುತ್ತೈದೆ ಮನೆಗೆ ಬಂದು ಹೊರಟರೆ ಉಡಿ ತುಂಬಿ ಕಳಿಸುತ್ತಾರೆ. ಹಡೆಯದವಳ ಸರದಿ ಬಂದಾಗ ಉಡಿಯ ತಾಟು ಆಕೆಯನ್ನು ದಾಟಿ ಮುಂದೆ ಹೋಗುತ್ತದೆ. ಹಾಗೆ ದಾಟಿ ಹೋದ ತಾಟುಗಳನ್ನು ಮಲ್ಲಾಬಾಯಿ ಮರೆತಿರಲಿಲ್ಲ. ಗುರುವಾರ ಹೊರಟು ನಿಂತ ಪ್ರತಿ ಹೆಂಗಸಿನ ಸೆರಗಿಗೆ ಆಕೆ ಅವರೇ ಆರಿಸಿದ ಜೋಳದಲ್ಲಿ ಒಂದು ಬೊಗಸೆ, ಒಂದು ಬಟ್ಟಲು ಕೊಬ್ಬರಿ, ಒಂದು ಕುಪ್ಪಸದ ಖಣ ಹಾಕುತ್ತಿದ್ದಳು. ಖಣದ ತುಂಡುಗಳನ್ನು ಲ್ಯಾಬಿನ ಮನ್ಸೂರಅಲಿ ತನ್ನ ಮಾವನ ಬಟ್ಟೆ ಅಂಗಡಿಯಿಂದ ತಂದು ಕೊಡುತ್ತಿದ್ದ. ಹೆಂಗಸರು ಅಳುತ್ತಿದ್ದರು. ಡಾಕ್ಟರಮ್ಮ ನೋಡಿಯೂ ನೋಡದಂತೆ ಇದ್ದರು.

ಕಾಲುವೆಗೆ ನೀರು ಬಂದು ಇಪ್ಪತ್ತು ವರ್ಷ ಕಳೆದ ಮೇಲೆ ದೇವಕಮ್ಮ ಮತ್ತು ಮರಿಲಿಂಗಪ್ಪ ಬಂದರು. ಸುರಪುರದ ಆಚೆ ಉಪಕಾಲುವೆಯ ಕೊನೆಯ ಊರಿನವರು, ಮದುವೆಯಾಗಿ ಆರು ವರ್ಷ. ಮರಿಲಿಂಗಪ್ಪ ಕಾಲುವೆಯ ಗೇಟು ಎತ್ತಿ ಇಳಿಸುವ ದಿನಗೂಲಿಯವ. ಯಾರ ಹೊಲಕ್ಕೆ ಯಾವಾಗ ನೀರು ಎಂಬ ಪಾಳಿ ಅವನ ಕೈಯಲ್ಲಿತ್ತು. ಪಾಳಿ ತಪ್ಪಿಸಿ ಬಂದವರೊಡನೆ ಹೊಡೆದಾಡಿ ಹಣೆಯ ಮೇಲೆ ಎರಡು ಗಾಯ ಮಾಡಿಕೊಂಡಿದ್ದ. ಗೇಟು ತಿರುಗಿಸುವ ಕಬ್ಬಿಣದ ಹ್ಯಾಂಡಲನ್ನು ಆಸ್ಪತ್ರೆಗೂ ತಂದಿದ್ದ. ಮೊಳದುದ್ದ, ತುದಿಯಲ್ಲಿ ಬಾಗಿದ್ದು.

“ಆ ಕಬ್ಬಣ ಯಾಕ ತಮ್ಮಾ?” ಎಂದು ಮಲ್ಲಾಬಾಯಿ ಕೇಳಿದಳು.

“ಬಿಟ್ಟು ಬಂದ್ರ ಮ್ಯಾಲಿನ ಹೊಲದವ್ರು ಗೇಟ್ ಎತ್ತಿಬಿಡ್ತಾರ್ರಿ.”

“ಇಲ್ಲಿ ಗೇಟ್ ಇಲ್ಲ. ಚಪ್ಪಲ್ ಬಾಜು ಇಡು.”

ಗೊಣಗುತ್ತ ಇಟ್ಟ. ಮೊರ ನೋಡಿ, ಇದು ಹೆಣ್ಣುಮಕ್ಕಳ ಕೆಲಸ ಎಂದ. “ಹರಳು ಆರಸಾಕ ಬೆರಳು ಸಾಕು, ಮೀಸಿ ಅಡ್ಡ ಬರಾಂಗಿಲ್ಲ,” ಎಂದಳು ಮಲ್ಲಾಬಾಯಿ. ಪಕ್ಕದ ಬೆಂಚಿನವರು ನಕ್ಕರು. ದೇವಕಮ್ಮನೂ ನಕ್ಕಳು, ನಕ್ಕೊಡನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಂದಿನ ಹಲ್ಲು ಅರ್ಧ ಮುರಿದಿತ್ತು. ಬೋರಿಂಗಿನ ಹಿಡಿಕೆ ಬಡಿಯಿತು ಎಂದು ಯಾರೂ ಕೇಳದಿದ್ದರೂ ಹೇಳಿದಳು. ಮಲ್ಲಾಬಾಯಿ ಚಪ್ಪಲಿಗಳ ಬಾಜು ಇಟ್ಟ ಹ್ಯಾಂಡಲಿನ ಕಡೆ ಒಮ್ಮೆ ನೋಡಿದಳು.

ಮೂರನೆಯ ಗುರುವಾರ ಪರೀಕ್ಷೆಯ ಫಲ ಬಂತು. ಡಾಕ್ಟರಮ್ಮ ಇಬ್ಬರನ್ನೂ ಒಳಗೆ ಕೂರಿಸಿ, ಮಲ್ಲಾಬಾಯಿಯನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡು ವಿವರಿಸಿದರು. ದೇವಕಮ್ಮನಲ್ಲಿ ಯಾವ ಕೊರತೆಯೂ ಇಲ್ಲ. ಮರಿಲಿಂಗಪ್ಪನ ಬೀಜದಲ್ಲಿ ಜೀವ ಕಡಿಮೆ. ಮೂರು ತಿಂಗಳು ಗುಳಿಗೆ ತೆಗೆದುಕೊಂಡರೆ ಆಮೇಲೆ ಆ ಬೀಜವನ್ನೇ ಹಸನು ಮಾಡಿ ನಳಿಕೆಯಿಂದ ಗರ್ಭಕ್ಕೆ ಏರಿಸಿ ನೋಡಬಹುದು. ಆಗಬಹುದು, ಆಗದೆಯೂ ಇರಬಹುದು.

ಮರಿಲಿಂಗಪ್ಪ ಪಡಸಾಲೆಗೆ ಬಂದು ಮೊರದ ಮುಂದೆ ಕೂತ. ಒಂದು ಕಾಳನ್ನೂ ಮುಟ್ಟಲಿಲ್ಲ. ಕಡೆಗೆ ಹೆಂಡತಿಯ ಕೈಯನ್ನು ಹಿಡಿದು ಜೋಳದ ಮೇಲೆ ಇಡಿಸಿ, ಮನೆಯಲ್ಲಿ ಬಾಯಿ ಬಿಡುವುದಿಲ್ಲ ಎಂದು ಅವಳ ಅಪ್ಪನ ಹೆಸರಿನಲ್ಲಿ ಆಣೆ ಹಾಕಿಸಿಕೊಂಡ. ದೇವಕಮ್ಮ ಆಣೆ ಮಾಡಿದಳು. ಮನೆಯಲ್ಲಿ ಅತ್ತೆ ಸುಂದ್ರಮ್ಮ ದಿನಕ್ಕೆ ಹತ್ತು ಸಲ ಬಂಜೆ ಎನ್ನುತ್ತಿದ್ದಳು, ಮಗನಿಗೆ ಬೇರೆ ಹೆಣ್ಣು ನೋಡುತ್ತಿದ್ದಳು, ಸೊಸೆ ಎದುರಾಡಿದರೆ ಕೈಗೆ ಸಿಕ್ಕಿದ್ದರಲ್ಲಿ ಬಡಿಯುತ್ತಿದ್ದಳು. ಇನ್ನು ಮೂರು ತಿಂಗಳು ಅವಳು ಆ ಮನೆಯಲ್ಲಿ, ಬಾಯಿಗೆ ಬೀಗ ಹಾಕಿಕೊಂಡು ಜೀವ ಉಳಿಸಿಕೊಳ್ಳಬೇಕಿತ್ತು. ಮಲ್ಲಾಬಾಯಿಗೆ ಅದೊಂದೇ ಚಿಂತೆ ಹತ್ತಿತು. ಗುರುವಾರ ತಪ್ಪಿಸಬೇಡಿರಿ ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದಳು. ಮರಿಲಿಂಗಪ್ಪನಿಗೆ, ಅವ್ವನ ಮುಂದೆ ನಿಜ ಹೇಳಿದರೆ ಅರ್ಧ ಭಾರ ಇಳಿಯುತ್ತದೆ ಎಂದೂ ಹೇಳಿದಳು. ಪಾಳಿಯ ನೀರಿಗೆ ಊರೆಲ್ಲ ಅವನ ಮುಂದೆ ಕೈಕಟ್ಟಿ ನಿಲ್ಲುತ್ತದೆ, ಈ ಮಾತು ಹೊರಬಿದ್ದರೆ ಅದೇ ಊರು ಅವನ ಲುಂಗಿ ಎಳೆದು ನಗುತ್ತದೆ ಎಂದು ಅವನು ಉತ್ತರಿಸಿದ.

ಎರಡು ತಿಂಗಳು ಹಾಗೆಯೇ ನಡೆಯಿತು. ಮರಿಲಿಂಗಪ್ಪ ಆರಿಸುವುದನ್ನು ಕಲಿತ. ತನ್ನಪ್ಪ ತನ್ನ ಅವ್ವನನ್ನು ಹೇಗೆ ಬಡಿಯುತ್ತಿದ್ದ ಎಂಬುದನ್ನೂ ಒಮ್ಮೆ ಹೇಳಿದ. ದೇವಕಮ್ಮನ ಮೈಮೇಲೆ ಹೊಸ ಗುರುತು ಕಾಣಲಿಲ್ಲ. ಮಲ್ಲಾಬಾಯಿಗೆ ಧೈರ್ಯ ಬಂತು. ಆ ಧೈರ್ಯದಲ್ಲೇ ಆಕೆ ತಪ್ಪು ಮಾಡಿದಳು.

ಆ ಗುರುವಾರ ಖಣದ ಗಂಟಿನಲ್ಲಿ ಉಳಿದಿದ್ದದ್ದು ಒಂದೇ ತುಂಡು, ಹಸಿರು. ಕೆಂಪು ಖತಂ ಆಗಿದೆ ಎಂದು ಮನ್ಸೂರಅಲಿ ಹೇಳಿದ್ದ. ಹಸಿರು ಖಣ ಹಾಕಿ ಉಡಿ ತುಂಬುವುದು ಯಾರಿಗೆ ಎಂಬುದು ಮಲ್ಲಾಬಾಯಿಗೆ ಗೊತ್ತಿಲ್ಲದ್ದೇನಲ್ಲ. ಸೊಸೆಗೆ ಮುಟ್ಟು ನಿಂತು ಎರಡು ಮೂರು ತಿಂಗಳಾದಾಗ, ಊರಿಗೆ ಸುದ್ದಿ ಮಾಡುವ ಮೊದಲು, ಹಿರಿಯ ಹೆಂಗಸೊಬ್ಬಳು ಸದ್ದಿಲ್ಲದೆ ಹಸಿರು ಖಣ ಕೊಡುತ್ತಾಳೆ. ಅದಕ್ಕೆ ಕಳ್ಳ ಕುಬಸ ಎನ್ನುತ್ತಾರೆ. ಬಾಯಿಂದ ಹೇಳಬೇಕಾದದ್ದನ್ನು ಬಟ್ಟೆ ಹೇಳುತ್ತದೆ. ಅಂದು ಖಣವಿಲ್ಲದೆ ಬರೀ ಜೋಳ ಹಾಕಿ ಕಳಿಸಬಹುದಿತ್ತು. ಆದರೆ ದೇವಕಮ್ಮ ಸೆರಗು ಒಡ್ಡಿ ನಿಂತಿದ್ದಳು. ತನಗೆ ಯಾರೂ ಕೊಡದಿದ್ದ ಆ ಬಣ್ಣವನ್ನು ಒಮ್ಮೆ ಇನ್ನೊಬ್ಬಳ ಉಡಿಯಲ್ಲಿ ಇಟ್ಟು ನೋಡುವ ಆಸೆ ಮಲ್ಲಾಬಾಯಿಗೆ ಆಯಿತು. ಇನ್ನೊಂದು ತಿಂಗಳಿಗೆ ಆಗುವುದೇ ಆಗಿದ್ದರೆ ಈಗಲೇ ಕೊಟ್ಟರೇನು ಎಂದುಕೊಂಡಳು. ಕೊಟ್ಟಳು.

ಮನೆಯಲ್ಲಿ ಸುಂದ್ರಮ್ಮ ಸೊಸೆಯ ಗಂಟು ಬಿಚ್ಚಿದಳು. ಜೋಳ, ಕೊಬ್ಬರಿ, ಹಸಿರು ಖಣ. ಕೇಳುವ ಅಗತ್ಯವೇ ಆಕೆಗೆ ಕಾಣಲಿಲ್ಲ. ಅಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ಆರು ವರ್ಷದಲ್ಲಿ ಮೊದಲ ಸಲ ಬಿಸಿ ರೊಟ್ಟಿಯನ್ನು ಮೊದಲು ಸೊಸೆಯ ತಾಟಿಗೆ ಹಾಕಿದಳು. ದೇವಕಮ್ಮ ಇಲ್ಲ ಎಂದು ಹೇಳಲು ಬಾಯಿ ತೆರೆದಳು, ಆ ರೊಟ್ಟಿ ನೋಡಿ ಮುಚ್ಚಿದಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಮರಿಲಿಂಗಪ್ಪನೂ ಹೇಳಲಿಲ್ಲ. ಗೇಟಿನ ಹತ್ತಿರ ಜನ ಅವನ ಬೆನ್ನು ತಟ್ಟಿದರು, ಅವನು ನಕ್ಕ. ಹತ್ತೊಂಬತ್ತು ದಿನ ಆ ಮನೆಯಲ್ಲಿ ಯಾರೂ ಯಾರನ್ನೂ ಹೊಡೆಯಲಿಲ್ಲ. ಬಸುರಿ ಬಸ್ಸಿನಲ್ಲಿ ಕುಲುಕಬಾರದು ಎಂದು ಸುಂದ್ರಮ್ಮ ಎರಡು ಗುರುವಾರ ಸೊಸೆಯನ್ನು ಹೊಸ್ತಿಲು ದಾಟಲು ಬಿಡಲಿಲ್ಲ.

ಇಪ್ಪತ್ತನೆಯ ದಿನ, ಮಂಗಳವಾರ ಬೆಳಿಗ್ಗೆ ದೇವಕಮ್ಮ ಮುಟ್ಟಾದಳು. ಬಚ್ಚಲಲ್ಲಿ ನೆನೆಸಿಟ್ಟ ಬಟ್ಟೆ ಸುಂದ್ರಮ್ಮನ ಕಣ್ಣಿಗೆ ಬಿತ್ತು.

ಶಹಾಪುರದ ಆಸ್ಪತ್ರೆಯ ಗುಳಿಗೆ ನುಂಗಿ ತೆಗೆಸಿಕೊಂಡಿದ್ದಾಳೆ ಎಂದು ಆಕೆ ಕೂಗಿದ್ದು ಓಣಿಗೆಲ್ಲ ಕೇಳಿತು. ಒನಕೆಯಿಂದ ಮೊದಲ ಏಟು ಸೊಂಟಕ್ಕೆ ಬಿತ್ತು. ದೇವಕಮ್ಮ ಗಂಡನ ಕಡೆ ನೋಡಿದಳು. ನಿಜ ಗೊತ್ತಿದ್ದವನು ಅವನೊಬ್ಬನೇ. ಅವಳು ಬಾಯಿ ತೆರೆದರೆ ಏನು ಹೊರಬರುತ್ತದೆ ಎಂಬುದೂ ಅವನೊಬ್ಬನಿಗೇ ಗೊತ್ತಿತ್ತು. ಅವನು ಗೋಡೆಗೆ ಒರಗಿಸಿದ್ದ ಹ್ಯಾಂಡಲ್ ತೆಗೆದುಕೊಂಡ. ಬಾಯಿಗೆ ಗುರಿಯಿಟ್ಟು ಬೀಸಿದ್ದು ಅಡ್ಡ ಬಂದ ಕೈಗೆ ತಾಗಿ ಮುಂಗೈ ಎಲುಬು ಮುರಿಯಿತು. ಬಿದ್ದವಳ ಬೆನ್ನಿಗೆ ಒದ್ದ. ಸುಂದ್ರಮ್ಮ ಕೂದಲು ಹಿಡಿದು ಅಂಗಳಕ್ಕೆ ಎಳೆದಳು, ಕಾಲುವೆಗೆ ಹಾಕಿ ಬರೋಣ ಎಂದಳು. ಗೋಡೆಯ ಮೇಲಿನಿಂದ ನೋಡುತ್ತಿದ್ದ ನೆರೆಮನೆಯ ಮದೀನಾಬೀ ನೀರಿನ ಕೊಡವನ್ನು ತಾಯಿ ಮಗನ ಮೇಲೆ ಎಸೆದಳು. ಅವರು ಆ ಕಡೆ ತಿರುಗಿದ ಒಂದು ಗಳಿಗೆಯಲ್ಲಿ ದೇವಕಮ್ಮ ಹಿತ್ತಲಿನಿಂದ ಓಡಿ ರಸ್ತೆಯಲ್ಲಿ ಸಿಕ್ಕಿದ ಟಂಟಂ ಆಟೋ ಹತ್ತಿದಳು. ತವರಿಗೆ ಹೋಗಲಿಲ್ಲ. ಆಸ್ಪತ್ರೆಗೆ ಬಂದಳು.

ಮುರಿದ ಕೈಯನ್ನು ಅವಳು ಹಸಿರು ಖಣದಲ್ಲಿ ಕುತ್ತಿಗೆಗೆ ಕಟ್ಟಿಕೊಂಡಿದ್ದಳು. ಅದನ್ನು ನೋಡಿದ ಕೂಡಲೆ ಏನಾಗಿದೆ ಎಂಬುದು ಮಲ್ಲಾಬಾಯಿಗೆ ತಿಳಿಯಿತು. ಅವಳ ಮುಖ ಒರೆಸಿ, ಒಳಗಿನ ಕೋಣೆಯಲ್ಲಿ ಮಲಗಿಸಿ, ಬಾಗಿಲು ಹಾಕಿಕೊಂಡು ಹೊರಗೆ ಬಂದು ನಿಂತಳು. ಡಾಕ್ಟರಮ್ಮ ಹೊಟ್ಟೆ ಕೊಯ್ದ ಹೆರಿಗೆಯೊಂದರಲ್ಲಿದ್ದರು, ನಡುವೆ ಬಿಟ್ಟು ಬರುವಂತಿರಲಿಲ್ಲ. ಮನ್ಸೂರಅಲಿ ಪೊಲೀಸರಿಗೆ ಫೋನ್ ಮಾಡಲು ಓಡಿದ. ಅವನು ಬಾಗಿಲು ದಾಟುವಷ್ಟರಲ್ಲಿ ಇನ್ನೊಂದು ಟಂಟಂ ಬಂದು ನಿಂತಿತು. ಸುಂದ್ರಮ್ಮ, ಮರಿಲಿಂಗಪ್ಪ, ಹಿಂದೆ ಬಡಿಗೆ ಹಿಡಿದ ಐದಾರು ಜನ ಸಂಬಂಧಿಕರು.

ಮೊದಲು ಕಿಟಕಿಯ ಗಾಜು ಹೋಯಿತು. ಆಮೇಲೆ ಔಷಧಿಯ ಕಪಾಟು. ಬಾಟಲಿ ಒಡೆದ ವಾಸನೆ ಪಡಸಾಲೆಗೆಲ್ಲ ಹರಡಿತು, ಪಾಳಿಗೆ ಕೂತಿದ್ದ ಬಸುರಿಯರು ಕಿರುಚುತ್ತ ಹೊರಗೆ ಓಡಿದರು.

“ನನ್ನ ಮೊಮ್ಮಗನ್ನ ತೆಗದಾಕಿ ಯಾರು? ಹೊರಗ ಬರ್ಲಿ,” ಎಂದಳು ಸುಂದ್ರಮ್ಮ.

“ಕೂಸು ಇರಲೇ ಇಲ್ಲ, ಯವ್ವಾ. ಹಸರ ಖಣ ಕೊಟ್ಟಾಕಿ ನಾನು. ಕೊಡಬಾರದಿತ್ತು, ಕೊಟ್ಟೆ. ತಪ್ಪು ನಂದು. ಹೊಡಿಯೋದಿದ್ರ ನನಗ ಹೊಡಿ.”

ಸುಂದ್ರಮ್ಮ ಕಾಲಿನ ಚಪ್ಪಲಿ ತೆಗೆದು ಆಕೆಯ ಕೆನ್ನೆಗೆ ಬಾರಿಸಿದಳು. ಬಂಜೆಯ ಕೈ ತಾಕಿದ್ದಕ್ಕೇ ತನ್ನ ಸೊಸೆಯ ಹೊಟ್ಟೆ ಒಣಗಿತು ಎಂದಳು. ಮತ್ತೆ ಬಾರಿಸಿದಳು. ಮೂರನೆಯ ಏಟಿಗೆ ತುಟಿ ಸೀಳಿತು. ಮಲ್ಲಾಬಾಯಿ ಕೈ ಎತ್ತಲಿಲ್ಲ. ಎಡಗೈಯಿಂದ ಬಾಗಿಲಿನ ಚೌಕಟ್ಟನ್ನು ಹಿಡಿದು ನಿಂತೇ ಇದ್ದಳು.

ಮರಿಲಿಂಗಪ್ಪ ಮುಂದೆ ಬಂದ. ಹ್ಯಾಂಡಲ್ಲಿನ ತುದಿಯಲ್ಲಿ ರಕ್ತ ಒಣಗಿತ್ತು.

“ಬಾಗಲಾ ಬಿಡು, ಯಕ್ಕಾ.”

ಮಲ್ಲಾಬಾಯಿ ಅವನಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದಳು: “ನಾ ಹೇಳಾಂಗಿಲ್ಲ ತಮ್ಮಾ. ನನ್ನ ಬಾಯಿಂದ ಬರಾಂಗಿಲ್ಲ. ನೀನೇ ಹೇಳಬೇಕು.”

ಒಂದು ಮಾತು ಆಡಿದರೆ ತಾನೂ ಉಳಿಯುತ್ತಾಳೆ, ಒಳಗಿನವಳನ್ನೂ ಉಳಿಸುತ್ತಾಳೆ, ಆದರೂ ಆಡುತ್ತಿಲ್ಲ ಎಂಬುದು ಅವನಿಗೆ ಅರ್ಥವಾಯಿತು. ಅರ್ಥವಾದದ್ದೇ ಅವನಿಗೆ ತಡೆಯಲಾಗಲಿಲ್ಲ. ಬೀಸಿದ. ಕಬ್ಬಿಣಕ್ಕೂ ಚೌಕಟ್ಟಿಗೂ ನಡುವೆ ಕಿರುಬೆರಳು ಸಿಕ್ಕಿತು. ಒಣ ಜೋಳದ ದಂಟು ಮುರಿದ ಹಾಗೆ ಸದ್ದಾಯಿತು. ಮಲ್ಲಾಬಾಯಿ ಮೊಣಕಾಲ ಮೇಲೆ ಕುಸಿದಳು. ಕುಸಿದವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಸಂಬಂಧಿಕರಲ್ಲಿ ಇಬ್ಬರು ಹೆಂಗಸರು ಮುಂದೆ ಬಂದು ಆಕೆಯ ಕಾಲು ಹಿಡಿದು ಎಳೆಯತೊಡಗಿದರು.

“ನಾನೂ ಹಿಂಗ ಒಬ್ಬಾಕಿ ಕಾಲು ಹಿಡದಿದ್ದೆ,” ಎಂದಳು ಆಕೆ ಆ ಹೆಂಗಸರಿಗೆ. “ನನ್ನ ಸವತಿ. ಆಕೀದು ಏನೂ ತಪ್ಪಿರಲಿಲ್ಲ. ಕಾಲವಿ ಗೇಟಿನ್ಯಾಗ ಸಿಕ್ಕಳು.”

ಒಬ್ಬಳು ಕೈ ಬಿಟ್ಟಳು. ಇನ್ನೊಬ್ಬಳು ಹಿಡಿದೇ ಇದ್ದಳು, ಆದರೆ ಎಳೆಯಲಿಲ್ಲ.

ಆಗ ಬೆನ್ನ ಹಿಂದಿನ ಬಾಗಿಲು ತೆರೆಯಿತು. ದೇವಕಮ್ಮ ಮಲ್ಲಾಬಾಯಿಯನ್ನು ದಾಟಿ ಹೊರಗೆ ಬಂದಳು. ಕೊರಳಲ್ಲಿ ಹಸಿರು ಖಣ, ಒಂದು ಕಣ್ಣು ಬಾತು ಮುಚ್ಚಿತ್ತು. ಓಡಲಿಲ್ಲ. ಗಾಜಿನ ಚೂರುಗಳ ನಡುವೆ ಬರಿಗಾಲಲ್ಲಿ ನಡೆದು ತಾವು ಪ್ರತಿ ಗುರುವಾರ ಕೂರುತ್ತಿದ್ದ ಬೆಂಚಿಗೆ ಹೋಗಿ ಕೂತಳು. ಬೆಂಚಿನ ಕೆಳಗಿದ್ದ ಮೊರವನ್ನು ಒಂದೇ ಕೈಯಿಂದ ಎಳೆದು ಪಕ್ಕದಲ್ಲಿ ಇಟ್ಟುಕೊಂಡಳು. ಮೊರದ ಆಚೆ ಬದಿಯಲ್ಲಿ ಗಂಡನ ಜಾಗ ಖಾಲಿ ಇತ್ತು. ಅವಳು ಜೋಳ ಆರಿಸತೊಡಗಿದಳು.

ಕೂದಲು ಹಿಡಿದು ಎಳಿ ಎಂದು ಸುಂದ್ರಮ್ಮ ಮಗನಿಗೆ ಹೇಳಿದಳು. ಮರಿಲಿಂಗಪ್ಪ ಬೆಂಚಿನ ತನಕ ಹೋದ. ಹ್ಯಾಂಡಲ್ ಎತ್ತಿದ ಎಂದೇ ಎಲ್ಲರೂ ತಿಳಿದರು. ದೇವಕಮ್ಮ ತಲೆ ಎತ್ತಲಿಲ್ಲ. ಒಂದು ಹರಳು ತೆಗೆದು ನೆಲಕ್ಕೆ ಹಾಕಿದಳು, ಇನ್ನೊಂದು ತೆಗೆದಳು.

“ಅವ್ವಾ,” ಎಂದ ಅವನು. “ಕೊರತಿ ನನ್ನಾಗ ಅದ. ಆಕಿನ್ಯಾಗ ಏನೂ ಇಲ್ಲ.”

ಸುಂದ್ರಮ್ಮನಿಗೆ ಕೇಳಿತೋ ಇಲ್ಲವೋ.

“ನನಗ ಮೊದಲೇ ಗೊತ್ತಿತ್ತು. ಹೊಡಿಯೋವಾಗೂ ಗೊತ್ತಿತ್ತು.”

ಬಡಿಗೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಂದ್ರಮ್ಮ ಅದೇ ಚಪ್ಪಲಿಯಿಂದ ಮಗನ ಮುಖಕ್ಕೆ, ತಲೆಗೆ, ಹೆಗಲಿಗೆ ಬಡಿದಳು. ಅವನು ನಿಂತು ತಿಂದ. ಕೈ ಸೋತ ಮೇಲೆ ಆಕೆ ಬೆಂಚಿನ ಅಂಚಿಗೆ ತನ್ನ ಹಣೆಯನ್ನೇ ಬಡಿದುಕೊಳ್ಳತೊಡಗಿದಳು. ರಕ್ತ ಬಂದಾಗ ಅಡ್ಡ ಕೈ ಇಟ್ಟವಳು ಮಲ್ಲಾಬಾಯಿ, ಮುರಿಯದ ಕೈ. ಪೊಲೀಸರು ಬರುವಷ್ಟರಲ್ಲಿ ಸಂಬಂಧಿಕರು ಟಂಟಂ ಹತ್ತಿ ಹೋಗಿದ್ದರು. ತಾಯಿ ಮಗ ಇಬ್ಬರೇ ಒಡೆದ ಗಾಜಿನ ನಡುವೆ ಕೂತಿದ್ದರು.

ದೇವಕಮ್ಮ ನಡೆದದ್ದನ್ನೆಲ್ಲ ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಿದಳು. ಅಪ್ಪನ ಹೆಸರಿನ ಆಣೆಯನ್ನು ತಾನು ಮುರಿಯಲಿಲ್ಲ, ಅವನೇ ಹೇಳಿದ್ದಾನೆ ಎಂಬ ಸಮಾಧಾನ ಅವಳಿಗಿತ್ತು. ಮರಿಲಿಂಗಪ್ಪ ಕೆಲವು ತಿಂಗಳು ಒಳಗಿದ್ದ. ಹೋಗುವ ಮೊದಲು, ಬೀಜ ಏರಿಸುವ ದಿನ ಹತ್ತಿರ ಬಂದಿದೆ, ಅದನ್ನಾದರೂ ಮಾಡಿಸಿರಿ ಎಂದು ಪೊಲೀಸರ ಮೂಲಕ ಹೇಳಿ ಕಳಿಸಿದ್ದ. ಡಾಕ್ಟರಮ್ಮ ದೇವಕಮ್ಮನನ್ನು ಕೇಳಿದರು. ಮಲ್ಲಾಬಾಯಿ ಪಕ್ಕದಲ್ಲಿದ್ದಳು, ಈ ಸಲ ಒಂದು ಮಾತೂ ಸೇರಿಸಲಿಲ್ಲ.

“ಬ್ಯಾಡ್ರಿ,” ಎಂದಳು ದೇವಕಮ್ಮ. “ಕೂಸು ಬೇಕ್ರಿ ನನಗ, ಖರೇನ ಬೇಕು. ಆದ್ರ ಆ ಕೈಯಾಗ ತಂದು ಕೊಡಾಂಗಿಲ್ಲ.”

ತನ್ನನ್ನು ಕೆಲಸದಿಂದ ತೆಗೆಯಿರಿ ಎಂದು ಮಲ್ಲಾಬಾಯಿ ತಾನೇ ಕೇಳಿಕೊಂಡಳು. ಡಾಕ್ಟರಮ್ಮ ಬೆರಳಿಗೆ ಪಟ್ಟಿ ಕಟ್ಟುತ್ತ, ಉಡಿ ತುಂಬುವುದನ್ನು ಕಂಡೂ ಬಿಟ್ಟವಳು ನಾನು, ಹಾಗಾದರೆ ನನ್ನನ್ನೂ ತೆಗೆಯಬೇಕಾಗುತ್ತದೆ ಎಂದರು. ಇನ್ನು ಮುಂದೆ ಇಲ್ಲಿ ಖಣವಿಲ್ಲ, ಹೊಸದಾಗಿ ಬಂದ ಪ್ರತಿ ಜೋಡಿಗೂ ಮೊದಲ ದಿನವೇ ಈ ಬೆರಳಿನ ಕಥೆ ಹೇಳಬೇಕು ಎಂಬ ಕರಾರು ಹಾಕಿದರು. ಮೂರು ವಾರ ಕೈ ಅಲುಗಿಸಬೇಡ ಎಂದಿದ್ದರು. ಆಕೆ ನಾಲ್ಕನೆಯ ದಿನಕ್ಕೇ ಮೊರ ಹಿಡಿದಳು, ಬೆರಳು ಸೆಟೆದೇ ಕೂಡಿಕೊಂಡಿತು.

ದೇವಕಮ್ಮ ಶಹಾಪುರದಲ್ಲೇ ಉಳಿದಳು. ಮಲ್ಲಾಬಾಯಿ ಹಿಂದೆ ದುಡಿದ ಬೇಳೆ ಮಿಲ್ಲಿನಲ್ಲಿ ತೊಗರಿ ಹಸನು ಮಾಡುತ್ತಾಳೆ. ಊರಿನ ಸುದ್ದಿ ಅವಳಿಗೆ ಮದೀನಾಬೀ ಸಂತೆಗೆ ಬಂದಾಗ ಹೇಳುತ್ತಾಳೆ. ಮರಿಲಿಂಗಪ್ಪ ಹೊರಗೆ ಬಂದ ವರ್ಷ ಸುಂದ್ರಮ್ಮ ಪಟ್ಟು ಬಿಡದೆ ಅವನನ್ನು ಕಡೇಚೂರಿನ ಕಡೆ ಹೆಣ್ಣು ನೋಡಲು ಕರೆದುಕೊಂಡು ಹೋದಳಂತೆ. ತಾಟಿನಲ್ಲಿ ಅವಲಕ್ಕಿ ಬಂದಿತ್ತಂತೆ. ಮಾತು ಮುಗಿಯುವ ಹೊತ್ತಿಗೆ ಅವನು ಹುಡುಗಿಯ ಅಪ್ಪನನ್ನು ಅಂಗಳಕ್ಕೆ ಕರೆದು, ತನ್ನ ಕೊರತೆಯನ್ನೂ ತಾನು ಹೊಡೆದದ್ದನ್ನೂ ಹೇಳಿಬಿಟ್ಟನಂತೆ. ಅವರು ಅವನನ್ನು ಊರ ಹೊರಗಿನ ತನಕ ಹೊಡೆಯುತ್ತ ಅಟ್ಟಿದರಂತೆ. ಹಣೆಯ ಮೇಲೆ ಮೂರನೆಯ ಗಾಯ ಆಗಿದೆಯಂತೆ.

ಇದನ್ನು ದೇವಕಮ್ಮ ಒಂದು ಗುರುವಾರ ಮಿಲ್ಲಿನಿಂದ ಬಂದು ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಕನಿಕರವೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಮಲ್ಲಾಬಾಯಿ ಕೇಳಿದ್ದು ಒಂದೇ ಪ್ರಶ್ನೆ.

“ಆ ಹುಡುಗಿ ಹೆಸರೇನು?”

ದೇವಕಮ್ಮನಿಗೆ ಗೊತ್ತಿರಲಿಲ್ಲ. ಮದೀನಾಬೀಗೂ ಗೊತ್ತಿರಲಿಲ್ಲ. ಒಳಮನೆಯಲ್ಲಿ ತಲೆ ಬಾಚಿಕೊಂಡು ಕೂತಿದ್ದ ಆ ಹುಡುಗಿಗೆ ಅಂಗಳದಲ್ಲಿ ಏನು ಮಾತಾಯಿತು ಎಂಬುದನ್ನು ಯಾರಾದರೂ ಹೇಳಿದರೋ ಇಲ್ಲವೋ.

“ಇರ್ಲಿ, ಆಕಿ ಎಲ್ಲ್ಯಾರ ಆರಾಮ ಇರ್ಲಿ,” ಎಂದಳು ಮಲ್ಲಾಬಾಯಿ. ಹೊಸದೊಂದು ಜೋಡಿ ಬಾಗಿಲಲ್ಲಿ ಬಂದು ನಿಂತಿತ್ತು. ಗಂಡಸು ಕೈಯಲ್ಲಿ ಏನಾದರೂ ಹಿಡಿದಿದ್ದಾನೆಯೇ ಎಂದು ಆಕೆ ಮೊದಲು ನೋಡಿದಳು. ಆಮೇಲೆ ಬೆಂಚಿನ ಕೆಳಗಿನಿಂದ ಮೊರ ಎಳೆದಳು.